ಹಸಿ ಬಟ್ಟಲು

"ಅತ್ತೇ, ಗರಿ ಸಿಕ್ತು! ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು. ನೀನು ಹೇಳಿದ ಹಾಗೇ ಇದೆ ನೋಡು."

ಕುಂಬಾರಿಕೆಯ ತಿಗರಿಯ ಮೇಲೆ ತಿರುಗುತ್ತಿದ್ದ ಮಣ್ಣಿನಿಂದ ಕೈ ತೆಗೆಯದೆ ಅತ್ತೆ ತಲೆ ಎತ್ತಿದಳು. ತಮ್ಮನ ಮಗಳು ಬಾಗಿಲಲ್ಲಿ ನಿಂತಿದ್ದಳು. ಆರು ವರ್ಷದ ಹುಡುಗಿ. ವಯಸ್ಸಿಗಿಂತ ತೀರ ಚಿಕ್ಕದಾಗಿ ಕಾಣುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಗುಲಗಂಜಿ. ಅಂಥ ಗರಿ ಈ ಊರಿನಲ್ಲಿ ಸಿಗಲಾರದು ಎಂದೇ ಅತ್ತೆ ಅದನ್ನು ಕೇಳಿದ್ದಳು.

ಗುಲಗಂಜಿಯ ಅಮ್ಮ ಮನೆ ಬಿಟ್ಟು ಹದಿನೈದು ದಿನವಾಗಿತ್ತು. ಮಡಕೆ ಸುಡುವ ಆವಿಗೆ ಆರುವ ಮುಂಚೆಯೇ ಅವಳು ಅದರ ಬಾಯನ್ನು ತೆರೆದಿದ್ದಳು. ತಣ್ಣನೆಯ ಗಾಳಿ ನುಗ್ಗಿ ನಲವತ್ತು ಹೂಜಿಗಳು ಬಿರುಕುಬಿಟ್ಟವು. "ನೀನು ಕಾಲಿಟ್ಟ ಕಡೆ ಯಾವುದು ಉಳಿದಿದೆ?" ಎಂದು ಅತ್ತೆ ಆಳುಗಳ ಮುಂದೆಯೇ ಅಂದುಬಿಟ್ಟಿದ್ದಳು. ತಮ್ಮನ ಹೆಂಡತಿ ಎದುರಾಡಲಿಲ್ಲ. ಕೈ ತೊಳೆದುಕೊಂಡು ಸೇತುವೆಯಾಚೆ ತನ್ನ ಅಕ್ಕನ ಮನೆಗೆ ಹೋದಳು. ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ಮಗಳನ್ನು ಮಾತಾಡಿಸಿ ಹೋಗುವಳೇ ಹೊರತು ಮನೆಯ ಕಡೆ ತಿರುಗಿರಲಿಲ್ಲ. "ನೀವೂ ನೀವೂ ಏನಾದ್ರೂ ಮಾಡ್ಕೊಳ್ಳಿ" ಎಂದು ಗುಲಗಂಜಿಯ ಅಪ್ಪ ಗಾಡಿ ಹೊಡೆದುಕೊಂಡು ಮಾರಾಟಕ್ಕೆ ಹೋಗುತ್ತಿದ್ದ.

ಅಮ್ಮ ಯಾವಾಗ ಬರ್ತಾಳೆ ಎಂದು ಹುಡುಗಿ ಕೇಳಿ ಕೇಳಿ ಜೀವ ತಿಂದಾಗ ಅತ್ತೆ ಬಾಯಿಗೆ ಬಂದದ್ದನ್ನು ಹೇಳಿದ್ದಳು: ಕಿನ್ನರಿಯರ ಮದ್ದು ಒಂದಿದೆ, ಅದನ್ನು ಕಲಸಿ ಕಣ್ಣುಮುಚ್ಚಿ ಕೇಳಿದರೆ ಹೋದವರು ಬರುತ್ತಾರೆ. ಅಂದಿನಿಂದ ದಿನಕ್ಕೊಂದು ಸಾಮಾನು. ತಾನಾಗಿ ಉದುರಿದ ಎಸಳು. ಬಿಸಿಲು ಕಾಣದ ಗೋಡೆಯ ಪಾಚಿ. ಬರಿದಾದ ಬಸವನಹುಳುವಿನ ಚಿಪ್ಪು. ಏಳು ಎಲೆಗಳ ಮೇಲಿನ ಇಬ್ಬನಿ. ಹುಡುಗಿ ಎಲ್ಲವನ್ನೂ ತಂದಳು, ಇಬ್ಬನಿಯನ್ನಂತೂ ಒಂದು ಸೀಸೆಯಲ್ಲಿ ಹನಿ ಹನಿಯಾಗಿ ಕೂಡಿಸಿ, ಸಾಲದ್ದಕ್ಕೆ ಬಾವಿಯ ನೀರು ಬೆರೆಸಿ.

"ಇನ್ನೇನು ಬೇಕು?"

"ಬಟ್ಟಲು ಬೇಡವೇನೇ? ಅಂಗೈಯಲ್ಲಿ ಕಲಸ್ತೀಯಾ?"

ಅತ್ತೆ ಎದ್ದು ಹಲಗೆಯ ಹತ್ತಿರ ಹೋದಳು. ಸುಟ್ಟ ಬಟ್ಟಲುಗಳ ಮೇಲೆ ಕೈ ಹೋಯಿತು. ಅಲ್ಲಿ ನಿಲ್ಲದೆ ಪಕ್ಕಕ್ಕೆ ಸರಿಯಿತು. ಕೆಮ್ಮಣ್ಣಿನ ನೀರು ಬಳಿದು ಒಣಗಿಸಿದ್ದ, ಇನ್ನೂ ಸುಡದ ಹಸಿ ಬಟ್ಟಲೂ ನೋಡಲು ಅವುಗಳಂತೆಯೇ ಇತ್ತು. ಇನ್ನೊಂದು ದಿನ ಕಳೆದೀತು ಎಂದುಕೊಂಡು ಅದನ್ನೇ ಕೊಟ್ಟಳು.

ಅಂಗಳದಿಂದ ಹುಡುಗಿಯ ರಾಗ ಕೇಳತೊಡಗಿತು.

"ಗರಿಯೇ ಗರಿಯೇ ಹಾರಿ ಹೋಗು, ಹನಿಯೇ ಹನಿಯೇ ಜಾರಿ ಹೋಗು, ಅಮ್ಮನ ಕಿವಿಯಲಿ ಹೇಳಿ ಬಾ..."

ಸ್ವಲ್ಪ ಹೊತ್ತಿಗೆ ರಾಗ ನಿಂತಿತು. ಅತ್ತೆ ಇಣುಕಿ ನೋಡಿದಾಗ ಗುಲಗಂಜಿಯ ತೊಡೆಯ ಮೇಲೆಲ್ಲ ಕೆಸರು. ಅಳುತ್ತಿರಲಿಲ್ಲ.

"ಹೋಗ್ಲಿ ಬಿಡು, ನಾಳೆ ಇನ್ನೊಂದು..."

"ಬೇಡ ಅತ್ತೆ. ಕಿನ್ನರಿಗೆ ಗೊತ್ತಾಗೋಯ್ತು."

"ಏನು ಗೊತ್ತಾಯ್ತು?"

"ಆವತ್ತು ಆವಿಗೆ ಬಾಯಿ ತೆಗಿ, ನನ್ನ ಮಣ್ಣಿನ ಆನೆ ನೋಡ್ಬೇಕು ಅಂತ ಹಟ ಮಾಡಿದ್ದು ನಾನೇ. ಅಮ್ಮ ಆಗಲ್ಲ ಅಂದ್ಲು. ನೆಲದ ಮೇಲೆ ಬಿದ್ದು ಹೊರಳಾಡ್ದೆ."

ಅತ್ತೆ ಅವಳ ಪಕ್ಕ ಬಂದು ಕೂತಳು. "ನಿಮ್ಮಮ್ಮ ಒಂದು ಮಾತೂ ಹೇಳಲಿಲ್ಲವಲ್ಲೇ!"

"ಹೇಳಿದ್ರೆ ನೀನು ನನಗೆ ಬೈತಿದ್ದೆ."

ಅತ್ತೆ ಸೆರಗಿನಿಂದ ಆ ಪುಟ್ಟ ಕೈಗಳ ಕೆಸರನ್ನು ಒರೆಸಿದಳು. ಒರೆಸುವುದು ಮುಗಿದರೂ ಒರೆಸುತ್ತಲೇ ಇದ್ದಳು.

"ಕಿನ್ನರಿಗೆ ಏನೂ ಗೊತ್ತಿಲ್ಲ ಕಣೇ. ಸುಡದ ಮಣ್ಣಿಗೆ ನೀರು ಬಿದ್ರೆ ಕರಗುತ್ತೆ, ಅಷ್ಟೇ. ಗೊತ್ತಿದ್ದೂ ಹಸಿ ಬಟ್ಟಲು ಕೊಟ್ಟೋಳು ನಾನು."

"ಯಾಕೆ?"

"ನಿಮ್ಮಮ್ಮನ್ನ ಹೋಗಿ ಕರೀಬೇಕಾದೋಳೂ ನಾನೇ. ಹೆದರಿಕೆ ಆಗ್ತಿತ್ತು."

ಹುಡುಗಿ ಕಣ್ಣರಳಿಸಿದಳು. "ನಿಂಗೂ ಆಗುತ್ತಾ?"

"ಆಗುತ್ತೆ. ನಡಿ, ಕಾಲು ತೊಳ್ಕೋ."

ದಾರಿಯುದ್ದಕ್ಕೂ ಅತ್ತೆಯ ತುಟಿ ಅಲ್ಲಾಡುತ್ತಿತ್ತು. "ಯಾರ ಹತ್ರ ಮಾತಾಡ್ತಿದೀಯಾ?" ಎಂದು ಹುಡುಗಿ ಎರಡು ಸಲ ಕೇಳಿದಳು.

ಸೇತುವೆಯಾಚೆಯ ಆ ಅಕ್ಕನದು ಇಸ್ತ್ರಿ ಮಾಡುವವರ ಮನೆ. ಬೆಂಚಿನ ಮೇಲೆ ಬಟ್ಟೆಯ ಎರಡು ರಾಶಿ. ಗುಲಗಂಜಿಯ ಅಮ್ಮ ಒಂದು ಅಂಗಿಯ ತೋಳನ್ನು ಬಿಡಿಸಿ ಹಾಸುತ್ತಿದ್ದವಳು ಬಾಗಿಲ ಕಡೆ ನೋಡಿದಳು. ಹುಡುಗಿ ಓಡಿಹೋಗಿ ಅವಳ ಸೊಂಟ ಬಳಸಿದಳು. ಅತ್ತೆ ಹೊಸ್ತಿಲು ದಾಟಲಿಲ್ಲ.

"ಆವತ್ತು ಮಾತು ಬಾಯಿ ತಪ್ಪಿ ಬಂತು," ಎಂದಳು. ನಂತರ ತಲೆ ಅಲ್ಲಾಡಿಸಿದಳು. "ಅಲ್ಲ. ಬೇಕಂತಲೇ ಆಡಿದೆ. ತಪ್ಪಾಯ್ತು. ನೀನು ಇವಳ ಹೆಸರು ಹೇಳದೆ ಇದ್ದಿದ್ದು ಇವತ್ತು ಗೊತ್ತಾಯ್ತು. ಮನೆಗೆ ಬಾರೇ."

ಗುಲಗಂಜಿಯ ಅಮ್ಮ ಬೆಂಚಿನ ಮೇಲಿನ ಒಂದು ರಾಶಿಯನ್ನು ತೆಗೆದು ಮೂಲೆಯ ಬುಟ್ಟಿಗೆ ಹಾಕಿ ಅಲ್ಲಿ ಮಗಳನ್ನು ಕೂರಿಸಿದಳು. ಮತ್ತೆ ಇಸ್ತ್ರಿ ಹಿಡಿದಳು. ತೋಳಿಗೆ ಒಮ್ಮೆ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಅತ್ತೆ ನಿಂತೇ ಇದ್ದಳು.

"ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ತೀರಿ ಅತ್ತಿಗೆ," ಎಂದಳು ಅವಳು, ಅಂಗಿಯಿಂದ ಕಣ್ಣೆತ್ತದೆ.

ಇಸ್ತ್ರಿಯನ್ನು ನಿಲ್ಲಿಸಿ ಎರಡನೆಯ ರಾಶಿಯನ್ನೂ ಎತ್ತಿದಳು. ಬುಟ್ಟಿ ಆಗಲೇ ತುಂಬಿತ್ತು. ಬೆಂಚಿನ ಮೇಲೆ ಮಗಳ ಪಕ್ಕ ಅತ್ತಿಗೆಗೂ ಜಾಗವಾಗಿತ್ತು. ಬಟ್ಟೆಯನ್ನು ಎಲ್ಲಿಡುವುದೆಂದು ತೋಚದೆ ಎದೆಗೆ ಅವಚಿಕೊಂಡೇ ನಿಂತಳು.