ಕೇಳಿದವರಿಗೊಂದು ವಯಸ್ಸು

ಮುಂದೆ ನಿಂತವಳ ಕೊರಳಪಟ್ಟಿಯ ಹಿಂದೆ ಒಂದು ದಾರ ಇಳಿಬಿದ್ದಿದೆ, ಬೆರಳುದ್ದ, ನೀಲಿ ಬಟ್ಟೆಗೆ ಬಿಳಿ ದಾರ, ಯಾವ ಪುಣ್ಯಾತ್ಗಿತ್ತಿ ಇದನ್ನು ಕತ್ತರಿಸದೆ ಮುಂದಕ್ಕೆ ತಳ್ಳಿದಳೋ, ಸಾಲಿನಲ್ಲಿ ಹಿಂದೆ ನಿಂತ ಅವಳ ಟೇಬಲ್ಲಿನಲ್ಲೇನಾದರೂ ಹೀಗಾಗಿದ್ದರೆ ಸೂಪರ್‌ವೈಸರ್ ಆ ದಾರ ಹಿಡಿದೆತ್ತಿ ಮೂಗಿನ ಮುಂದೆ ಆಡಿಸುತ್ತಿದ್ದ, ಏನಮ್ಮ ಇದು, ನಿಮ್ಮಪ್ಪನ ಮೀಸೇನಾ — ಕೈಯಲ್ಲಿ ಕತ್ತರಿಯಿಲ್ಲದಿದ್ದರೂ ಬೆರಳುಗಳು ಕತ್ತರಿಸಲು ಹೊರಡುತ್ತವೆ, ಭಾನುವಾರವೂ ಇವಕ್ಕೆ ರಜೆಯಿಲ್ಲ, ಗಾರ್ಮೆಂಟ್ಸಿನಲ್ಲಿ ದಿನವಿಡೀ ಅಂಗಿಗಳ ದಾರದ ತುದಿ ಕತ್ತರಿಸಿ ಕತ್ತರಿಸಿ ಈಗ ಊರಿಗೆ ಊರೇ ದಾರ ಬಿಟ್ಟುಕೊಂಡು ಓಡಾಡುತ್ತಿರುವ ಹಾಗೆ ಕಾಣುತ್ತದೆ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಹದಿಮೂರು. ಕಿಟಕಿಯ ಹತ್ತಿರ ಹೋದಾಗ ಹದಿಮೂರು ಅನ್ನಬೇಕು, ಮರೆಯಬಾರದು, ಅಲ್ಲ, ಸ್ವಂತ ವಯಸ್ಸನ್ನು ಯಾರಾದರೂ ಹೀಗೆ ಬಾಯಿಪಾಠ ಮಾಡುತ್ತಾರೆಯೇ, ಆದರೆ ಅವಳು ಹದಿಮೂರು ಅಂತ ಬಾಯಿಬಿಟ್ಟು ಹೇಳಿದ್ದು ಒಂದೇ ಒಂದು ಸಲ, ಅವತ್ತು ಅಮ್ಮನ ಕೈ ಕೆನ್ನೆಗೆ ಬಿದ್ದಿತ್ತು. ಬಸ್ಸಿನ ಅರ್ಧ ಟಿಕೆಟ್ಟಿಗೆ ಹನ್ನೊಂದು, ಗಾರ್ಮೆಂಟ್ಸಿಗೆ ಹದಿನೆಂಟು, ಗಲ್ಲಿಯ ಮಕ್ಕಳಿಗೆಲ್ಲ ಹೀಗೇ, ಕೇಳಿದವರಿಗೊಂದು ವಯಸ್ಸು, ನಡುವೆ ನಿಜವಾದದ್ದು ಒಂದಿರುತ್ತದಲ್ಲ, ಅದು ಯಾರಿಗೂ ಬೇಕಾಗಿರುವುದಿಲ್ಲ. ಬಸ್ಸಿನಲ್ಲಿ ಅಮ್ಮ ಪಕ್ಕೆಗೆ ತಿವಿಯುತ್ತಿದ್ದಳು, ಮಂಡಿ ಬಗ್ಗಿಸೇ ಕಂಬ, ಬಗ್ಗಿಸು ಅಂದ್ರೆ, ಅವಳು ಬಗ್ಗಿಸುತ್ತಿದ್ದಳು, ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ ಇವಳಿಗೆ ಹನ್ನೊಂದಾದ್ರೆ ನಾನಿನ್ನೂ ತೊಟ್ಟಿಲಲ್ಲಿದೀನಿ ಕಣಮ್ಮ ಅಂದು ನಗುತ್ತಿದ್ದ. ಉದ್ದಕ್ಕೆ ಬೆಳೆದದ್ದೇ ತಪ್ಪಾಯಿತು, ಉಂಡದ್ದೆಲ್ಲ ಎಲುಬಿಗೇ ಹೋಯಿತು. ಆ ಎತ್ತರ ನೋಡಿಯೇ ಅಲ್ಲವೇ ಅಮ್ಮ ತನ್ನ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ ಹದಿನೆಂಟರ ಕಾರ್ಡು ಮಾಡಿಸಿದ್ದು, ಆಮೇಲೆ ಒಂದು ತಿಂಗಳು ಬೆಳಗಿನ ಜಾವ ತಲೆದಿಂಬು ಎಳೆದು ಎಬ್ಬಿಸುತ್ತಿದ್ದಳು, ವಯಸ್ಸೆಷ್ಟೇ, ಹದಿನೆಂಟು, ತಡವಾಯ್ತು, ಇನ್ನೊಂದ್ಸಲ ಹೇಳು, ಇನ್‌ಸ್ಪೆಕ್ಷನ್‌ನೋರು ನಿನ್ನ ಮುಖ ನೋಡಲ್ಲ, ಯೋಚನೆ ಮಾಡ್ತೀಯಾ ಅಂತ ನೋಡ್ತಾರೆ, ಕಣ್ಣು ಬಿಡೋಕ್ ಮುಂಚೆ ಬಾಯಲ್ಲಿ ಬರಬೇಕು. ಬಂತು. ಹದಿನೆಂಟು ನಾಲಿಗೆಯ ಮೇಲೆ ಬೇರು ಬಿಟ್ಟು ಕೂತಿತು, ಇನ್‌ಸ್ಪೆಕ್ಷನ್ ಬಂದ ದಿನ ಕುಳ್ಳಗಿದ್ದ ಹುಡುಗಿಯರನ್ನೆಲ್ಲ ರಟ್ಟಿನ ಡಬ್ಬಗಳ ಹಿಂದೆ ಕೂರಿಸಿದರು, ಅವಳು ಮಾತ್ರ ಟೇಬಲ್ಲಿನ ಮುಂದೆಯೇ ನೆಟ್ಟಗೆ ನಿಂತಿದ್ದಳು, ಅವತ್ತು ಅಮ್ಮ ಸಾಲಿನಾಚೆಯ ತನ್ನ ಮೆಷಿನ್ನಿನಿಂದ ನೋಡಿ ನಕ್ಕಿದ್ದಳು, ನಗುತ್ತಲೇ ಕೆಮ್ಮಿದ್ದಳು.

ಆ ಕೆಮ್ಮು. ಸೀರೆಯ ಸೆರಗಾಗಲಿ ಫ್ಯಾಕ್ಟರಿಯ ಚಿಂದಿಯಾಗಲಿ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಧೂಳು ಕಣೇ, ಬಟ್ಟೆ ಧೂಳು, ಹತ್ತಿ ಹೊಟ್ಟೆಗೆ ಹೋದ್ರೆ ಇನ್ನೇನಾಗುತ್ತೆ, ಒಳಗೆ ದಿಂಬು ಹೊಲಿತಾ ಇದೀನಿ ಅನ್ಕೋ — ಚಿಂದಿಯಲ್ಲಿ ಕೆಂಪು ಕಂಡ ಮೇಲೆ ತಮಾಷೆ ನಿಂತಿತು, ಊರಾಚೆಯ ದೊಡ್ಡ ಆಸ್ಪತ್ರೆಗೆ ಸೇರಿಸಿಕೊಂಡರು, ಆರು ತಿಂಗಳು ಅಂದರು. ಹೋಗುವ ದಿನ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದ್ದು ಎರಡೇ ಮಾತು, ರೂಮು ಬಿಡಬೇಡ, ನಾನು ವಾಪಸ್ ಬಂದ್ರೆ ಎಲ್ಲಿಗೆ ಅಂತ ಬರ್ಲಿ, ನಂಗೆ ಓದೋಕ್ ಬರಲ್ಲ, ಅಡ್ರೆಸ್ ಹಿಡ್ಕೊಂಡು ತಿರುಗೋಕೆ ಆಗಲ್ಲ, ಈ ಬಾಗಿಲೊಂದೇ ಗೊತ್ತು, ಮತ್ತೆ ಮೆಣಸನ್ನ ನೋಡ್ಕೋ. ಮೆಣಸು ಅಂದರೆ ತಂಗಿ, ಕಾಳುಮೆಣಸಿನಷ್ಟೇ ಕಪ್ಪು, ಕಾಳುಮೆಣಸಿನಷ್ಟೇ ಖಾರ, ಅವಳು ಹುಟ್ಟಿದ್ದೂ ಆ ರೂಮಿನಲ್ಲೇ, ಅಪ್ಪ ಆ ಹೊತ್ತಿಗಾಗಲೇ ಇನ್ನೊಂದು ಊರಿನಲ್ಲಿ ಇನ್ನೊಬ್ಬಳ ಗಂಡನಾಗಿದ್ದ, ಕರೆಂಟು ಹೋಗಿತ್ತು, ಪಕ್ಕದ ಇಸ್ತ್ರಿ ಅತ್ತೆ ಹೊಕ್ಕುಳಬಳ್ಳಿ ಕತ್ತರಿಸುವಾಗ ಟಾರ್ಚ್ ಹಿಡಿದು ನಿಂತವಳು ಅಕ್ಕ, ಆಗ ಎಂಟು ವರ್ಷದವಳು, ಬೆಳಕೆಲ್ಲ ಚಾವಣಿಗೆ ಹೋಗುತ್ತಿತ್ತು, ಅಯ್ಯೋ ಕಂಬ, ದೀಪ ಮಗು ಕಡೆ ಹಿಡಿಯೇ, ದೆವ್ವ ಹುಡುಕ್ತಿದೀಯಾ. ಮರುದಿನ ಇದ್ದಿಲಿನಲ್ಲಿ ಒಲೆಯ ಹಿಂದಿನ ಗೋಡೆಗೆ ತಾರೀಕು ಬರೆದಳು. ಅಮ್ಮ ಬಸ್ಸಿನಲ್ಲಿ ಮೆಣಸಿಗೂ ಒಂದು ವರ್ಷ ಕಡಿಮೆ ಹೇಳಲು ಹೋದಾಗ ಅವಳು ತಡೆದಳು, ಅಮ್ಮನಿಗೆ ಎದುರಾಡಿದ್ದು ಅದೊಂದೇ ಸಲ, ಬೇಡಮ್ಮ, ಇವಳಿಗಾದ್ರೂ ಒಂದೇ ವಯಸ್ಸಿರ್ಲಿ, ಬೇಕಾದ್ರೆ ನಡ್ಕೊಂಡ್ ಹೋಗೋಣ — ನಡೆದೇ ಹೋದರು, ಅಮ್ಮ ದಾರಿಯುದ್ದಕ್ಕೂ ಬೈದಳು, ಮೆಣಸು ಹೆಗಲ ಮೇಲೆ ನಿದ್ದೆ ಮಾಡಿದಳು. ಯಾರು ವಯಸ್ಸು ಕೇಳಿದರೂ ಕೈ ಅಗಲಿಸಿ ಐದೂ ಬೆರಳು ತೋರಿಸು ಅಂತ ಕಲಿಸಿದವಳು ಅವಳೇ, ಹೊಸಬರನ್ನು ಕಂಡರೆ ಸಾಕು ಮೆಣಸು ಕೇಳುವ ಮೊದಲೇ ಕೈ ಎತ್ತುತ್ತಿದ್ದಳು, ಹೆಸರು ಹೇಳಲು ನಾಚಿಕೆ, ಐದು ತೋರಿಸಲು ನಾಚಿಕೆಯಿಲ್ಲ.

ಅಮ್ಮ ಆಸ್ಪತ್ರೆ ಸೇರಿದ ಮೇಲೆ ಮೆಣಸನ್ನು ಒಳಗೆ ಬಿಟ್ಟು ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು, ಇನ್ನೇನು ಮಾಡುವುದು, ಒಳಗೆ ನೀರು, ತಟ್ಟೆಯಲ್ಲಿ ಅನ್ನ, ಮೂಲೆಯಲ್ಲಿ ಬಕೆಟ್ಟು, ಆಡಲು ಫ್ಯಾಕ್ಟರಿಯಿಂದ ತಂದ ಮುರಿದ ಗುಂಡಿಗಳು, ಬೀಗದ ಕೈ ಇಸ್ತ್ರಿ ಅತ್ತೆಯ ಹತ್ತಿರ, ಮಧ್ಯಾಹ್ನ ಅತ್ತೆ ಒಂದು ಸಲ ತೆಗೆದು ನೋಡುತ್ತಿದ್ದಳು. ಆ ಶುಕ್ರವಾರ ಅತ್ತೆಗೆ ಜ್ವರ, ನೋಡಲಿಲ್ಲ, ಮೆಣಸು ಕಿಟಕಿಯ ಸರಳಿಗೆ ಮುಖವಿಟ್ಟು ಅತ್ತಳಂತೆ, ದಾರಿಹೋಕರು ಯಾರೋ ಫೋನು ಮಾಡಿದರಂತೆ, ಎಲ್ಲ ಅಂತೆ ಅಂತೆ, ಅವಳು ಕಂಡದ್ದಿಷ್ಟೇ, ಸಂಜೆ ಫ್ಯಾಕ್ಟರಿಯಿಂದ ಬಂದರೆ ಬಾಗಿಲಲ್ಲಿ ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ನೋಟ್‌ಬುಕ್ಕು, ಇನ್‌ಸ್ಪೆಕ್ಷನ್‌ನೋರು ಈ ಸಲ ಮನೇಗೇ ಬರ್ತಾರಂತೆ ಅಂತ ಸೂಪರ್‌ವೈಸರ್ ಹಿಂದಿನ ದಿನವಷ್ಟೇ ಹೆದರಿಸಿದ್ದ, ನೋಟ್‌ಬುಕ್ಕಿನವಳು ತಲೆಯೆತ್ತಿ ನಿನ್ನ ವಯಸ್ಸೆಷ್ಟಮ್ಮ ಅಂದಳು, ಮೃದುವಾಗಿಯೇ ಅಂದಳು, ಆ ದನಿಯಲ್ಲೇ ಗೊತ್ತಾಗಬೇಕಿತ್ತು, ಇನ್‌ಸ್ಪೆಕ್ಷನ್‌ನೋರು ಯಾವತ್ತು ಹಾಗೆ ಕೇಳಿದ್ದಾರೆ — ಹದಿನೆಂಟು. ಕಾರ್ಡೂ ತೋರಿಸಿದಳು, ಸಹಿಯೂ ಹಾಕಿದಳು, ಅಮ್ಮ ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿ ಶಾಲೆಯಲ್ಲಿ ಫಸ್ಟು ಬಂದವಳ ಹಾಗೆ ನಿಂತಳು. ಹದಿನೆಂಟಾ, ಹಾಗಾದ್ರೆ ದೊಡ್ಡವಳು ನೀನು, ಮಗೂನ ಒಳಗಿಟ್ಟು ಬೀಗ ಹಾಕೋದು ತಪ್ಪು ಅಂತ ಗೊತ್ತಿರಬೇಕಲ್ಲ, ಇವಳನ್ನ ನಾವು ಮಕ್ಕಳ ಮನೆಗೆ ಕರ್ಕೊಂಡ್ ಹೋಗ್ತೀವಿ, ಅಲ್ಲಿ ಊಟ ಇದೆ, ಸ್ಕೂಲಿದೆ, ನೀನೂ ಚಿಕ್ಕವಳಾಗಿದ್ರೆ ಇಬ್ಬರನ್ನೂ ಒಟ್ಟಿಗೇ ಇಟ್ಕೋತಿದ್ವಿ, ಅಕ್ಕ ತಂಗೀರನ್ನ ನಾವು ಬೇರೆ ಮಾಡಲ್ಲ. ಮಾಡಲ್ಲ. ಆ ಮಾತು ಕಿವಿಗೆ ಬಿದ್ದದ್ದು ಸಹಿಯಾದ ಮೇಲೆ, ಆಗ ಬಾಯಿ ತೆರೆಯಬೇಕಿತ್ತು, ಆದರೆ ಕಾರ್ಡು ಸುಳ್ಳು ಅಂದರೆ ಫ್ಯಾಕ್ಟರಿ ಹೋಗುತ್ತದೆ, ಫ್ಯಾಕ್ಟರಿ ಹೋದರೆ ರೂಮು ಹೋಗುತ್ತದೆ, ರೂಮು ಹೋದರೆ ಅಮ್ಮ ಎಲ್ಲಿಗೆ ಅಂತ ಬರ್ಲಿ, ಇದೆಲ್ಲ ತಲೆಯಲ್ಲಿ ಸುತ್ತಿ ಮುಗಿಯುವಷ್ಟರಲ್ಲಿ ವ್ಯಾನು ಹೊರಟಿತ್ತು, ಹಿಂದಿನ ಗಾಜಿನಲ್ಲಿ ಮೆಣಸು, ಅಳುತ್ತಿರಲಿಲ್ಲ, ಟಾಟಾ ಮಾಡುತ್ತಲೂ ಇರಲಿಲ್ಲ, ಕೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದಳು, ಐದು ಬೆರಳು, ಅಗಲಿಸಿ, ಹೊಸಬರಿಗೆ ತೋರಿಸುವ ಹಾಗೆ.

ಮಕ್ಕಳ ಮನೆಯ ಸಾಲು ಸರಿಯಿತು, ಇನ್ನು ಮೂರು ಜನ. ಹೊಸ ಮಕ್ಕಳನ್ನು ಮೊದಲ ವಾರ ನೋಡಬಾರದಂತೆ, ಒಂಬತ್ತು ದಿನ ಆಯಿತು, ಒಂಬತ್ತು ರಾತ್ರಿ ಆ ರೂಮಿನಲ್ಲಿ ಒಬ್ಬಳೇ, ಚಾಪೆಯ ಅರ್ಧ ಖಾಲಿ ಬಿಟ್ಟು ಮಲಗುವುದು, ಅನ್ನಕ್ಕೆ ಅಕ್ಕಿ ಹಾಕುವಾಗ ಕೈ ಎರಡನೇ ಹಿಡಿಗೆ ಹೋಗಿ ವಾಪಸು ಬರುವುದು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ, ಅಮ್ಮನ ಬಾಗಿಲು ಉಳಿಸಿಕೊಂಡರೆ ಮೆಣಸಿಲ್ಲ, ಮೆಣಸಿನ ಹತ್ತಿರ ಹೋದರೆ ಅಮ್ಮನಿಗೆ ಬಾಗಿಲಿಲ್ಲ. ಆಸ್ಪತ್ರೆಯಿಂದ ಕೆಳಗಿನ ಅಂಗಡಿಗೆ ಒಮ್ಮೆ ಫೋನು ಬಂದಿತ್ತು, ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತ ಕೆಮ್ಮಿನ ನಡುವೆ ಎರಡು ಸಲ, ಆಮೇಲೆ ಏಳು ವಾರ ಸುದ್ದಿಯಿಲ್ಲ. ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ತೀರ್ಮಾನ ಮಾಡಿದಳು, ಅಮ್ಮ ದೊಡ್ಡವಳು, ಬಾಯಿದೆ, ಕೇಳಿಕೊಂಡಾದರೂ ಬರುತ್ತಾಳೆ, ಮೆಣಸಿಗೆ ಐದು ಬೆರಳು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬೆಳಿಗ್ಗೆ ರೂಮು ಗುಡಿಸಿ, ಪಾತ್ರೆ ಬೋರಲು ಹಾಕಿ, ಬೀಗದ ಕೈಯನ್ನು ಇಸ್ತ್ರಿ ಅತ್ತೆಯ ಕೈಗಿತ್ತಳು, ಅಮ್ಮ ಬಂದ್ರೆ ಹೇಳಿ ಅತ್ತೆ, ಮಕ್ಕಳ ಮನೇಲಿದೀವಿ ಅಂತ, ಇಬ್ರೂ ಅಂತ ಹೇಳಿ. ಅತ್ತೆ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಾ, ಹೇಳ್ತೀನಮ್ಮ, ನಾನಿರೋವರ್ಗೂ ಹೇಳ್ತೀನಿ, ಓನರ್ ಮುಂದಿನ ತಿಂಗಳು ನನ್ನೂ ಇಲ್ಲಿಂದ ಎಬ್ಬಿಸ್ತಾನಂತೆ ಅಂದಳು. ಇನ್ನು ಒಬ್ಬಳು. ಹದಿಮೂರು, ಹದಿಮೂರು, ನಾಲಿಗೆಯನ್ನು ಹಲ್ಲಿಗೆ ಒತ್ತಿ ಹದಿಮೂರು, ಹೇಳಿದರೆ ಇಲ್ಲಿಯ ಬಾಗಿಲು ತೆರೆಯುತ್ತದೆ, ಅಕ್ಕ ತಂಗೀರನ್ನ ಬೇರೆ ಮಾಡಲ್ಲ, ಅವರೇ ಹೇಳಿದ್ದು, ನೀಲಿ ಅಂಗಿಯವಳು ಚೀಟಿ ತೆಗೆದುಕೊಂಡು ಪಕ್ಕಕ್ಕೆ ಸರಿದಳು, ಕಿಟಕಿಯೊಳಗೆ ಕನ್ನಡಕದ ಮೇಡಂ, ಮುಂದೆ ದಪ್ಪ ರಿಜಿಸ್ಟರು, ಯಾರನ್ನ ನೋಡ್ಬೇಕು, ತಂಗೀನ ಮೇಡಂ, ಯಾವಾಗ ಬಂದಿದ್ದು, ಶುಕ್ರವಾರ, ಅದರ ಹಿಂದಿನ ಶುಕ್ರವಾರ, ನಿನ್ನ ವಯಸ್ಸು, ಹದಿನೆಂಟು.

ಬಂದೇಬಿಟ್ಟಿತು. ಕಣ್ಣು ಬಿಡುವ ಮೊದಲು ಬಾಯಲ್ಲಿ ಬಂದಿತು, ಅಮ್ಮಾ, ನಿನ್ನ ಪಾಠ ಎಷ್ಟು ಗಟ್ಟಿ. ಅಲ್ಲ ಮೇಡಂ, ಹದಿಮೂರು, ನಂಗೆ ಹದಿಮೂರು ಮೇಡಂ, ಅವತ್ತೂ ಸುಳ್ಳು ಹೇಳಿದ್ದು, ಕೆಲಸಕ್ಕೋಸ್ಕರ, ಪೆನ್ನು ನಿಂತಿತು, ಕನ್ನಡಕ ಮೇಲೆದ್ದಿತು, ಇದೇನಮ್ಮ, ತರಕಾರಿ ರೇಟಾ, ಕೇಳ್ತಿದ್ದ ಹಾಗೇ ಇಳಿಸ್ತಾ ಹೋಗೋಕೆ, ಇನ್ನೊಂದ್ಸಲ ಕೇಳಿದ್ರೆ ಎಂಟು ಅಂತೀಯೇನೋ — ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಕೆಟ್ಟವಳಲ್ಲ, ಫೈಲು ತೆಗೆದು ತಿರುಗಿಸಿ ತೋರಿಸಿದಳು, ಕಾರ್ಡಿನ ಜೆರಾಕ್ಸು, ಕೆಳಗೆ ಅವಳದೇ ಸಹಿ, ಎಷ್ಟು ನೀಟಾದ ಸಹಿ, ನೋಡಮ್ಮ, ಒಳಗೆ ಊಟ ಸಿಗುತ್ತೆ ಅಂತ ವಾರಕ್ಕೆ ಇಬ್ಬರಾದ್ರೂ ಬಂದು ಹೀಗೇ ಹೇಳ್ತಾರೆ, ನಿಂದು ತಪ್ಪು ಅನ್ನಲ್ಲ, ಆದ್ರೆ ಕಾಗದ ಏನು ಹೇಳುತ್ತೋ ನಂಗೆ ಅದೇ ವಯಸ್ಸು, ಹುಟ್ಟಿದ ಸರ್ಟಿಫಿಕೇಟಿದ್ರೆ ತಾ, ಇಲ್ಲ ಅಂದ್ರೆ ಅಮ್ಮನ್ನ ಕರ್ಕೊಂಡ್ ಬಾ, ಅವರು ಬಂದು ಹೇಳ್ಲಿ. ಅಮ್ಮ ಬಂದು ಹೇಳಲಿ. ಅಮ್ಮ ಬಂದು ಹದಿಮೂರು ಅನ್ನಲಿ. ನಗು ಬಂತು, ನಿಜವಾಗಿ ಬಂತು, ಮೇಡಂ ಚೀಟಿ ಹರಿದು ಕೊಟ್ಟಳು, ಹತ್ತು ನಿಮಿಷ, ಬಲಗಡೆ ಜಾಲರಿ ಹತ್ತಿರ ನಿಂತ್ಕೋ.

ಜಾಲರಿಯ ಆಚೆ ಸಿಮೆಂಟಿನ ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ, ಮೆಣಸು ನಡೆದು ಬಂದಳು, ತಲೆ ನುಣ್ಣಗೆ ಬೋಳಿಸಿದ್ದಾರೆ, ಹಸಿರು ಫ್ರಾಕು, ಕಾಲಿಗೆ ಸರಿಯಾದ ಅಳತೆಯ ಚಪ್ಪಲಿ, ಕೆನ್ನೆ ಸ್ವಲ್ಪ ತುಂಬಿದೆ, ತುಂಬಿದೆಯಲ್ಲ ಅಂತ ಸಂತೋಷವಾಗಬೇಕು, ಆಗುತ್ತದೆ, ಆದರೆ ತುಂಬಿಸಿದ್ದು ಅವಳ ಕೈಯ ಅನ್ನವಲ್ಲ. ಊಟ ಮಾಡಿದ್ಯಾ, ಹೂಂ, ರಾತ್ರಿ ಅಳ್ತೀಯಾ, ಊಹೂಂ, ಬೀಗ ಹಾಕ್ತಾರಾ, ಹಾಕ್ತಾರೆ, ಆದ್ರೆ ತುಂಬಾ ಜನ ಇರ್ತೀವಿ. ಮೆಣಸಿನ ಬೆನ್ನ ಹಿಂದೆ ಬಂದ ಆಯಾ ಅವಳ ಬೋಳುತಲೆ ಸವರಿ, ಎಷ್ಟು ವರ್ಷ ಅಂತ ಅಕ್ಕಂಗೆ ಹೇಳಿದ್ಯಾ ಜಾಣೆ ಅಂದಳು, ಮೆಣಸಿನ ಕೈ ಥಟ್ಟನೆ ಮೇಲೆದ್ದಿತು, ಅಗಲಿಸಿದ ಐದು ಬೆರಳು, ನಿಂತಿತು, ಕಣ್ಣು ಒಂದು ಸಲ ಆಯಾಳ ಕಡೆ ಹೋಗಿ ಬಂದಿತು, ಆಮೇಲೆ ಇನ್ನೊಂದು ಕೈ ನಿಧಾನಕ್ಕೆ, ಒಂದು ಬೆರಳು. ಹಾಂ, ಆರು, ಡಾಕ್ಟ್ರು ಹಲ್ಲು ನೋಡಿ ಬರ್ದಿದಾರೆ, ಬಾ ಬೇಗ, ಟೈಮಾಯ್ತು ಅಂತ ಆಯಾ ಮುಂದೆ ಹೋದಳು. ಆರಲ್ಲ, ಗೋಡೆಯ ಮೇಲೆ ತಾರೀಕಿದೆ, ಟಾರ್ಚ್ ಹಿಡಿದವಳು ನಾನು, ಅಂತ ಯಾರಿಗೆ ಹೇಳುವುದು, ನಿನಗಾಗ ಎಷ್ಟು ವರ್ಷ ಅಂತ ಕೇಳಿದರೆ ಯಾವುದನ್ನು ಹೇಳುವುದು, ಅವಳು ಜಾಲರಿ ಹಿಡಿದಳು, ಮೆಣಸು ಹತ್ತಿರ ಬಂದಳು, ಇನ್ನೂ ಹತ್ತಿರ, ಮೂಗು ತಂತಿಗೆ ತಾಗುವಷ್ಟು, ಗುಟ್ಟು ಹೇಳುವಾಗ ಮಾಡುವ ಮುಖ ಮಾಡಿದಳು, ಅಕ್ಕಾ, ಇಲ್ಲಿ ಆರು, ನಿಂಗೆ ಐದು ತೋರಿಸ್ಲಾ? ಎರಡೂ ಕೈ ಇನ್ನೂ ಮೇಲೆಯೇ ಇವೆ, ಒಂದು ಕೈ, ಪಕ್ಕದಲ್ಲಿ ಒಂದು ಬೆರಳು, ಅಕ್ಕ ಹೇಳಲಿ ಅಂತ ಕಾಯುವ ಬೆರಳು, ಮಡಚುತ್ತದೆ, ಏಳುತ್ತದೆ, ಇವಳಿಗಾದ್ರೂ, ಇವಳಿಗಾದ್ರೂ ಒಂದೇ, ಬೆರಳು ಮಡಚುತ್ತದೆ, ಏಳುತ್ತದೆ, ಮಡಚುತ್ತದೆ, ಒಂದು ಬೆರಳು, ಏಳುತ್ತದೆ —