ಬುಂದುಕನ ಕತ್ತಿನ ನೀಲಿ ಮಣಿ

ಒಂದೇ ಅಂಗಳ, ಎರಡು ಬಾಗಿಲು, ಇಬ್ಬರು ವಾರಗಿತ್ತಿಯರು. ಕಥೆಗೆ ಇನ್ನೇನು ಬೇಕು ಹೇಳಿ. ನಾಗ್ ಸಿದ್ರ ಹಳ್ಳಿಯ ಕಾಲುವೆ ಓಣಿಯಲ್ಲಿ ಹಿರಿಯ ಸೊಸೆ ಇನ್ಸಾಫ್, ಕಿರಿಯ ಸೊಸೆ ಹನಿಯಾ, ಹಜ್ ಯಾತ್ರೆ ಮುಗಿಸಿ ಹಜ್ಜಾ ಎನಿಸಿಕೊಂಡಿದ್ದ ಅವರಿಬ್ಬರ ಅತ್ತೆ ತಫೀದಾ ಹೀಗೇ ಇದ್ದರು. ಗಂಡಸರು ಬೆಳಗಾದರೆ ಕಬ್ಬಿನ ಹೊಲಕ್ಕೆ ಹೋದರು ಅಂದರೆ ಮನೆಯೆಲ್ಲ ಇವರದೇ.

ಇನ್ಸಾಫ್ ಮಾಡುವ ಬಿಸಿಲುರೊಟ್ಟಿಗೆ ಊರಲ್ಲೆಲ್ಲ ಹೆಸರಿತ್ತು. ಹಿಟ್ಟಿನ ಉಂಡೆಗಳನ್ನು ಮಣ್ಣಿನ ತಟ್ಟೆಗಳ ಮೇಲಿಟ್ಟು, ಮಾಳಿಗೆಯ ಬಿಸಿಲಿಗೆ ಉಬ್ಬಲು ಬಿಟ್ಟು, ಅಂಚನ್ನು ಬ್ಲೇಡಿನಿಂದ ಗೀರಿ ಒಲೆಗೆ ಹಾಕಿದರೆ ಓಣಿಯ ಹೆಂಗಸರು ಮೂಗರಳಿಸಿಕೊಂಡು ಬಾಗಿಲಿಗೆ ಬರುತ್ತಿದ್ದರು. ಹನ್ನೊಂದು ವರ್ಷ ಆ ಮನೆಯಲ್ಲಿ ಹೊಗಳಿಕೆ ಎಂಬುದು ಇದ್ದರೆ ಅದು ಇನ್ಸಾಫಳ ಪಾಲಿನದು. ಆಮೇಲೆ ಹನಿಯಾ ಮದುವೆಯಾಗಿ ಬಂದಳು. ಎರಡನೆಯ ಚಳಿಗಾಲದಲ್ಲಿ ಹನಿಯಾಳ ಹಿಂದೆ ನಾಯಿ ಬಂತು.

ಬಂತು ಅಂದರೆ ನಡೆದು ಬರಲಿಲ್ಲ. ಕಬ್ಬಿನ ಟ್ರಾಲಿ ಹರಿದು ಹಿಂಗಾಲು ಮುರಿದು ಕಾಲುವೆಯ ಕೆಸರಿನಲ್ಲಿ ನರಳುತ್ತಿದ್ದ ಮರಿಯನ್ನು ಹನಿಯಾ ಹಳೇ ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ಖರ್ಜೂರದ ಗರಿಯ ದಿಂಡು ಸೀಳಿ ಕಾಲಿಗೆ ಕಟ್ಟಿದಳು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿದಳು. ಕಂದು ಬಣ್ಣದ ಆ ಕುಂಟನಿಗೆ ಅದೇ ಬಣ್ಣದ ಒಂದು ಕಾಯಿಯ ಹೆಸರು, ಬುಂದುಕ್, ಎಂದೇ ಹೆಸರಾಯಿತು. ಅವತ್ತಿನಿಂದ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಹನಿಯಾಳ ಮನಸ್ಸು ದೊಡ್ಡದು ಅಂತ. ಹನ್ನೊಂದು ವರ್ಷ ರೊಟ್ಟಿ ತಿಂದವರೂ ಅದನ್ನೇ ಹೇಳಿದರು.

ಇನ್ಸಾಫಳ ಹೊಟ್ಟೆ ಉರಿಯಿತು. ಸುಮ್ಮನೆ ಮುಚ್ಚಿಡುವುದೇಕೆ, ಚೆನ್ನಾಗಿಯೇ ಉರಿಯಿತು.

"ಅತ್ತೆ, ನಾಯಿ ಜೊಲ್ಲು ಮೈಲಿಗೆ. ನಾವು ನಮಾಜು ಮಾಡೋ ಮನೆ ಇದು," ಎಂದಳು ಒಂದು ದಿನ.

ಹಜ್ಜಾ ತಫೀದಾ ಬಟಾಣಿ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮಲಗೋದು ಅಂಗಳದಲ್ಲಿ, ತಟ್ಟೆ ಬೇರೆ. ಜೊಲ್ಲು ತಾಗಿದ್ರೆ ತೊಳ್ಕೊ. ಕಲ್ಲಲ್ಲಿ ಹೊಡಿ ಅಂತ ಯಾರೂ ಹೇಳಿಕೊಟ್ಟಿಲ್ಲವಲ್ಲ ತಾಯಿ."

ನಿಜ ಹೇಳಬೇಕೆಂದರೆ ಇನ್ಸಾಫಳ ಸಂಕಟ ಮೈಲಿಗೆಯದಾಗಿರಲಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಅವಳೇ ಬುಂದುಕನನ್ನು ಕರೆದು ಬಿಸಿ ರೊಟ್ಟಿಯ ತುಂಡು ಹಾಕಿದ್ದಳು. ಅದು ತಿಂದಿತು, ಬಾಲ ಅಲ್ಲಾಡಿಸಿತು, ಕುಂಟುತ್ತ ಹೋಗಿ ಹನಿಯಾಳ ಬಾಗಿಲಲ್ಲಿ ಮಲಗಿತು. ನಾಲ್ಕು ದಿನ ಹೀಗೇ ಆಯಿತು. ತಿನ್ನುವುದು ನನ್ನ ರೊಟ್ಟಿ, ಕಾಯುವುದು ಅವಳ ಬಾಗಿಲು ಎಂದು ಇನ್ಸಾಫ್ ಒಲೆಯ ಮುಂದೆ ಒಬ್ಬಳೇ ಗೊಣಗಿಕೊಂಡಳು.

ವಸಂತದಲ್ಲಿ ಆರೋಗ್ಯ ಕಾರ್ಯಕರ್ತೆ ಕೌಸರ್ ಬಂದರು. ಮನೆಮನೆ ತಿರುಗಿ ಮಕ್ಕಳ ಸೂಜಿ, ಬಸುರಿಯರ ತೂಕ ವಿಚಾರಿಸುವ ಹೆಂಗಸು ಅವರು. ಎಲ್ಲರೂ ಅಬ್ಲಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ನಾಳೆ ಪಶು ಆಸ್ಪತ್ರೆಯವರು ನಾಯಿಗಳಿಗೆ ಸೂಜಿ ಹಾಕ್ತಾರೆ. ಬುಂದುಕನ್ನ ಕರ್ಕೊಂಡು ಬನ್ನಿ," ಎಂದರು.

"ಮನುಷ್ಯರ ಮಕ್ಕಳಿಗೆ ಹಾಕ್ಸೋಕೇ ಪುರುಸೊತ್ತಿಲ್ಲ, ಇನ್ನು ನಾಯಿಗೆ ಬೇರೆನಾ," ಎಂದಳು ಇನ್ಸಾಫ್. "ಓಡ್ಸಿಬಿಟ್ರೆ ಆಯ್ತಪ್ಪ. ಓಣಿ ತಣ್ಣಗಿರುತ್ತೆ."

"ಓಡ್ಸು, ನೋಡೋಣ. ವಾರದಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿರುತ್ತೆ. ಅದಕ್ಕೆ ಸೂಜಿ ಆಗಿದೆಯೋ ಇಲ್ವೋ ಯಾರಿಗೆ ಗೊತ್ತು? ನಿಮ್ಮ ಓಣಿ ನಾಯಿ ಹೊರಗಿನ ನಾಯಿನ ಒಳಗೆ ಬಿಟ್ಕೊಳಲ್ಲ. ಅದಕ್ಕೊಂದು ಸೂಜಿ ಬಿದ್ರೆ ನಿಮಗೇ ಒಂದು ಗೋಡೆ ಕಟ್ಟಿದ ಹಾಗೆ."

"ಅಕಸ್ಮಾತ್ ಕಚ್ಚಿದ್ರೆ?" ಎಂದಳು ಹನಿಯಾ.

"ಹರಿಯೋ ನೀರು, ಸಾಬೂನು, ಕಾಲು ಗಂಟೆ ಬಿಡದೆ ತೊಳೀರಿ. ನೆಟ್ಟಗೆ ಆಸ್ಪತ್ರೆಗೆ ಬನ್ನಿ. ಹುಚ್ಚುನಾಯಿ ರೋಗ ಕಾಣಿಸ್ಕೊಂಡ ಮೇಲೆ ಉಳಿಸೋ ಔಷಧಿ ಇಲ್ಲಮ್ಮ. ಅದಕ್ಕೆ ಮುಂಚೆ ಸೂಜಿ ಇದೆ. ಇಷ್ಟು ನೆನಪಿಟ್ಕೊಂಡ್ರೆ ಸಾಕು."

ಮರುದಿನ ಬುಂದುಕನಿಗೆ ಸೂಜಿ ಆಯಿತು, ಕತ್ತಿಗೆ ಕೆಂಪು ಪಟ್ಟಿ ಬಂತು. ಪಟ್ಟಿ ಇರುವ ನಾಯಿಯನ್ನು ಊರಿನ ಕಚೇರಿಯ ಗಾಡಿಯವರು ಮುಟ್ಟುವುದಿಲ್ಲ, ಇಲ್ಲದವನ್ನು ಹಿಡಿದು ಊರಾಚೆ ಒಯ್ದು ಗುಂಡು ಹೊಡೆಯುತ್ತಾರೆ ಎಂಬುದು ಓಣಿಯಲ್ಲಿ ಎಲ್ಲರಿಗೂ ತಿಳಿದಿತ್ತು.

ಅಷ್ಟಾಗಿದ್ದರೆ ಇನ್ಸಾಫ್ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಸಂಜೆ ಅತ್ತೆ ತಮ್ಮ ತಗಡಿನ ಪೆಟ್ಟಿಗೆ ತೆರೆದು ನೀಲಿ ಮಣಿ ತೆಗೆದರು. ಕೆಟ್ಟ ಕಣ್ಣು ತಾಗದಿರಲಿ ಎಂದು ಇಬ್ಬರು ಗಂಡುಮಕ್ಕಳ ಟೋಪಿಗೂ ಹಾಕಿದ್ದ ಹಳೆಯ ಮಣಿ ಅದು. ಮಗಳು ಸಬ್ರೀನಳ ಜಡೆಗೆ ಬೇಕೆಂದು ಇನ್ಸಾಫ್ ಏಳು ವರ್ಷದಿಂದ ಕೇಳುತ್ತಿದ್ದಳು. ಆಮೇಲೆ ನೋಡೋಣ ಎಂಬುದೇ ಉತ್ತರವಾಗಿತ್ತು. ಈಗ ಆ ಮುದುಕಿ ಅದನ್ನು ನಾಯಿಯ ಪಟ್ಟಿಗೆ ಪೋಣಿಸಿ ಹೊಲಿದರು.

"ಪಾಪ, ಒಂದು ಸಲ ಸತ್ತು ಬದುಕಿದ ಜೀವ. ಇದಕ್ಕೇ ಬೇಕು," ಎಂದರು.

ಹನಿಯಾ ಅತ್ತೆಯ ಕೈಗೆ ಮುತ್ತಿಟ್ಟಳು. ಇನ್ಸಾಫ್ ಮಾಳಿಗೆ ಹತ್ತಿ ಹೋದಳು, ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ನನ್ನ ಮಗಳಿಗಿಲ್ಲದ್ದು ಅವಳ ನಾಯಿಗೆ ಎಂಬ ಒಂದು ಮಾತು ಅವಳ ತಲೆಯಲ್ಲಿ ಮೂರು ದಿನ ಸುತ್ತಿತು. ಊಟ ರುಚಿಸಲಿಲ್ಲ, ಉಬ್ಬಲು ಇಟ್ಟ ಹಿಟ್ಟು ಹುಳಿಯಾಯಿತು.

ನಾಲ್ಕನೆಯ ದಿನ ಅತ್ತೆ ಮತ್ತು ಹನಿಯಾ ಸಂತೆಗೆ ಹೋದರು. ಇನ್ಸಾಫ್ ಬುಂದುಕನನ್ನು ಕರೆದು ರೊಟ್ಟಿ ತೋರಿಸಿದಳು. ಅದು ಬಂತು. ಕುತ್ತಿಗೆ ಒಡ್ಡಿ ನಿಂತಿತು. ಅಂಚು ಗೀರುವ ಬ್ಲೇಡಿನಿಂದ ಪಟ್ಟಿಯನ್ನು ಒಂದೇ ಎಳೆತಕ್ಕೆ ಕತ್ತರಿಸಿ, ಮಣಿ ಸಮೇತ ಹಿಟ್ಟಿನ ಡಬ್ಬದ ತಳಕ್ಕೆ ತುರುಕಿದಳು. ಮತ್ತೊಂದು ರೊಟ್ಟಿ ಹಿಡಿದು ಕಾಲುವೆಯ ಸೇತುವೆಯ ಕಡೆ ನಡೆದಳು.

ಬುಂದುಕ್ ಅವಳ ಹಿಂದೆ ಹೊರಟಿತು. ಹನಿಯಾಳ ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಕುಂಟು ಕಾಲು ಎಳೆಯುತ್ತ, ನಡುನಡುವೆ ಇವಳ ಮುಖ ನೋಡುತ್ತ, ಸೇತುವೆ ದಾಟಿ ಇಟ್ಟಿಗೆ ಭಟ್ಟಿಯವರೆಗೂ ಬಂತು. ಇಷ್ಟು ದಿನ ಇನ್ಸಾಫ್ ಬಯಸಿದ್ದು ಇದನ್ನೇ. ಅವಳು ರೊಟ್ಟಿಯನ್ನು ಭಟ್ಟಿಯ ಗೋಡೆಯಾಚೆ ದೂರ ಎಸೆದು, ಅದು ಅತ್ತ ಓಡಿದಾಗ ಸರಸರನೆ ಹಿಂದಿರುಗಿದಳು. ಸೇತುವೆಯ ಮೇಲೆ ಕಣ್ಣಲ್ಲಿ ನೀರು ಬಂತು. ಧೂಳು ಎಂದುಕೊಂಡು ಒರೆಸಿಕೊಂಡಳು.

ಹನಿಯಾ ನಾಲ್ಕು ದಿನ ಹುಡುಕಿದಳು. ಹೊಲ, ಗಾಣ, ಮಸೀದಿಯ ಹಿಂದುಗಡೆ, ಎಲ್ಲ ಕಡೆ ಕರೆದಳು. "ಅಕ್ಕ, ನೀವೇನಾದ್ರೂ ನೋಡಿದ್ರಾ?" ಎಂದು ಇನ್ಸಾಫಳನ್ನೂ ಕೇಳಿದಳು.

"ನಾಯಿ ಕಾಯೋದೇ ನನ್ನ ಕೆಲಸ ನೋಡು," ಎಂದಳು ಇನ್ಸಾಫ್.

ಮಣಿಯೂ ಅವಳ ಕೆಲಸಕ್ಕೆ ಬರಲಿಲ್ಲ. ಮಗಳ ಜಡೆಗೆ ಹಾಕಿದರೆ ಅತ್ತೆ ನೋಡಿದೊಡನೆ ಗುರುತು ಹಿಡಿಯುತ್ತಾರೆ. ಕದ್ದದ್ದು ಹಿಟ್ಟಿನ ತಳದಲ್ಲೇ ಬಿದ್ದಿತ್ತು. ಪ್ರತಿದಿನ ಹಿಟ್ಟು ತೆಗೆಯುವಾಗ ಬೆರಳಿಗೆ ತಾಗುತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಓಣಿಯ ತುದಿಯಿಂದ ಸಬ್ರೀನಳ ಕೂಗು ಕೇಳಿತು. ಎಲ್ಲಿಂದಲೋ ಬಂದ ಬೂದು ಬಣ್ಣದ ನಾಯಿಯೊಂದು ಎರಡು ದಿನದಿಂದ ಅಲ್ಲಿ ಠಿಕಾಣಿ ಹೂಡಿತ್ತು. ಅದು ಮಗುವಿನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಹಜ್ಜಾ ತಫೀದಾ ಕಾಫಿಪುಡಿಯ ಡಬ್ಬಿ ಹಿಡಿದು ಓಡಿ ಬಂದರು. ಆ ಕಡೆ ಗಾಯ ಎಂದರೆ ಕಾಫಿಪುಡಿಯೇ ಮದ್ದು, ಅಜ್ಜಿಯ ಅಜ್ಜಿಯೂ ಅದನ್ನೇ ಮೆತ್ತಿದ್ದು.

"ಮೆತ್ತಿ ಅತ್ತೆ, ರಕ್ತ ನಿಲ್ಲಲಿ," ಎಂದು ಇನ್ಸಾಫ್ ಮಗಳ ಕಾಲು ಹಿಡಿದುಕೊಂಡಳು.

ಹನಿಯಾ ನಡುವೆ ಕೈ ಹಾಕಿದಳು. "ಬೇಡ ಅತ್ತೆ. ಅಬ್ಲಾ ಹೇಳಿದ್ದು ಮರೆತ್ರಾ? ನಲ್ಲಿ ಬಿಡಿ. ಸಾಬೂನು ಕೊಡಿ."

"ಕಾಲು ಗಂಟೆ ನೀರು ಬಿಟ್ರೆ ರಕ್ತ ಎಲ್ಲ ಹೋಗಲ್ವೇನೆ?"

"ಹೋಗೋದು ರಕ್ತ ಅಲ್ಲ ಅತ್ತೆ, ವಿಷ. ಪುಡಿ ಮೆತ್ತಿದ್ರೆ ಅದು ಒಳಗೇ ಉಳಿಯುತ್ತೆ."

ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಲ್ಲಿಯ ಕೆಳಗೆ ಕಾಲು ಹಿಡಿದು, ಸಾಬೂನು ಹಚ್ಚಿ ತೊಳೆದಳು, ಮತ್ತೆ ಹಚ್ಚಿ ತೊಳೆದಳು. ಅತ್ತೆ ಗಡಿಯಾರ ನೋಡುತ್ತ ನಿಂತರು. ಆಗಲೂ ಇನ್ಸಾಫಳ ಒಳಗೆ ಏನೋ ಚುಚ್ಚಿತು: ನನ್ನ ಮಗಳು ಅವಳ ತೊಡೆಯ ಮೇಲೆ. ಅಷ್ಟರಲ್ಲಿ ಸಬ್ರೀನ್ ಬಿಕ್ಕುತ್ತ ಹೇಳಿದಳು, "ಬುಂದುಕ್ ಇದ್ದಿದ್ರೆ ಅದು ಓಣಿಗೆ ಬರ್ತಾನೇ ಇರ್ಲಿಲ್ಲ ಅಮ್ಮ."

ತೊಳೆದು ಮುಗಿದೊಡನೆ ಇನ್ಸಾಫ್ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆಯಲ್ಲಿ ಮಗುವಿಗೆ ಮೊದಲ ಸೂಜಿ ಆಯಿತು. ಉಳಿದ ಸೂಜಿಗಳ ತಾರೀಖನ್ನು ಡಾಕ್ಟರು ಚೀಟಿಯಲ್ಲಿ ಬರೆದರು. ಜೊತೆಗಿದ್ದ ಕೌಸರ್ ಇನ್ಸಾಫಳಿಗೆ, "ಒಂದನ್ನೂ ತಪ್ಪಿಸ್ಬೇಡ. ಗಾಯ ಮಾಯ್ತು ಅಂತ ಮನೇಲಿ ಕೂರ್ಬೇಡ. ಸರಿಯಾಗಿ ತೊಳೆದಿದೀರಿ, ಅರ್ಧ ಗೆದ್ದ ಹಾಗೆ," ಎಂದರು. ತೊಳೆದದ್ದು ತಾನಲ್ಲ ಎಂದು ಹೇಳಲು ಇನ್ಸಾಫಳಿಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾಯಿ ಹಿಡಿಯುವ ಗಾಡಿ ಓಣಿಗೆ ಬಂತು. ಮಗುವನ್ನು ಕಚ್ಚಿದ ಸುದ್ದಿ ಕಚೇರಿಗೆ ಮುಟ್ಟಿತ್ತು. ಕಾಲುವೆಯ ಆಚೆ ದಂಡೆ ಮುಗಿಸಿಕೊಂಡು ಈಚೆ ಬಂದ ಗಾಡಿಯ ಬಲೆಯೊಳಗೆ ಏಳೆಂಟು ನಾಯಿಗಳಿದ್ದವು. ಬೂದು ನಾಯಿಯನ್ನೂ ಅದರೊಳಗೆ ಬೇರೆ ಗೂಡಿಗೆ ತಳ್ಳಿದರು. ಹನಿಯಾ ಕಿರುಚಿದಳು. ಬಲೆಯ ಮೂಲೆಯಲ್ಲಿ ಬುಂದುಕ್ ಇತ್ತು, ಸೊರಗಿ ಹೋಗಿತ್ತು.

"ಅಣ್ಣ, ಅದು ನಮ್ಮದು. ಸೂಜಿ ಆಗಿದೆ ಅಣ್ಣ."

"ಪಟ್ಟಿ ಎಲ್ಲಿ?" ಎಂದ ಗಾಡಿಯವನು. "ಎಲ್ರೂ ಹಿಂಗೇ ಅಂತಾರೆ. ನಿನ್ನೆ ತಾನೆ ಮಗೂನ ಕಚ್ಚಿಸ್ಕೊಂಡಿದೀರಿ. ದಾರಿ ಬಿಡವ್ವ."

ಮಗುವನ್ನು ನೋಡಲು ಬಂದಿದ್ದ ಕೌಸರ್ ಸೂಜಿಯ ಲೆಕ್ಕ ಬರೆದಿಟ್ಟ ತಮ್ಮ ಪುಸ್ತಕ ತೆರೆದರು. ಕಂದು ನಾಯಿ, ಎಡ ಹಿಂಗಾಲು ಕುಂಟು ಎಂದು ಬರೆದಿತ್ತು. "ಕುಂಟು ನಾಯಿ ಊರಿಗೆ ನಾಲ್ಕಿರ್ತಾವೆ ಮೇಡಂ," ಎಂದು ಅವನು ಗಾಡಿ ಏರಿದ.

ಇನ್ಸಾಫ್ ಒಳಗೆ ಓಡಿ ಹಿಟ್ಟಿನ ಡಬ್ಬವನ್ನು ಅಂಗಳಕ್ಕೆ ಕವುಚಿ ಹಾಕಿದಳು. ಬಿಳಿ ಕೈಯಲ್ಲಿ ಪಟ್ಟಿ ಹಿಡಿದು ಗಾಡಿಯ ಮುಂದೆ ನಿಂತಳು. ನೀಲಿ ಮಣಿಗೆ ಹಿಟ್ಟು ಮೆತ್ತಿತ್ತು.

ಗಾಡಿಯವನು ಪಟ್ಟಿ ತಿರುಗಿಸಿ ನೋಡಿದ. "ಇದು ಹರಿದಿದ್ದಲ್ಲ, ಕತ್ತರಿಸಿದ್ದು. ಬೇರೆ ನಾಯಿದು ತಂದು ತೋರಿಸ್ತಿದೀಯ. ಯಾರು ಕತ್ತರಿಸಿದ್ದು?"

ಓಣಿಯೆಲ್ಲ ಅಲ್ಲಿತ್ತು. ಅತ್ತೆ ಇದ್ದರು. ಆ ಊರಿನಲ್ಲಿ ಕಳ್ಳತನ ಒಪ್ಪಿಕೊಂಡವರಿದ್ದಾರೆ, ಹೊಡೆದಾಟ ಒಪ್ಪಿಕೊಂಡವರಿದ್ದಾರೆ. ಇನ್ನೊಬ್ಬರ ಮೇಲೆ ಕೆಟ್ಟ ಕಣ್ಣು ಹಾಕಿದೆ ಎಂದು ಬಾಯಿಬಿಟ್ಟವರು ಇರಲಿಲ್ಲ.

"ನಾನೇ ಕತ್ತರಿಸಿದೆ," ಎಂದಳು ಇನ್ಸಾಫ್. "ರೊಟ್ಟಿ ಗೀರೋ ಬ್ಲೇಡಲ್ಲಿ. ಸೇತುವೆ ಆಚೆ ಬಿಟ್ಟು ಬಂದಿದ್ದೂ ನಾನೇ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಗಾಡಿಯವನು ತಲೆ ಕೆರೆದುಕೊಂಡು ಇಳಿದ. "ಸುಳ್ಳು ಹೇಳೋರು ಇಂಥ ಸುಳ್ಳು ಹೇಳಲ್ಲ," ಎಂದು ಬಲೆಯ ಬಾಗಿಲು ತೆರೆದ. ಬುಂದುಕ್ ಇಳಿದು ಮೊದಲು ಹೋದದ್ದು ಹನಿಯಾಳ ಹತ್ತಿರ. ಬೂದು ನಾಯಿ, ಹುಚ್ಚು ಹಿಡಿದಿದೆಯೇ ಎಂದು ನೋಡಲು, ಬೇರೆ ಗೂಡಿನಲ್ಲೇ ಪಶು ಡಾಕ್ಟರ ಬಳಿಗೆ ಹೋಯಿತು. ಬಲೆಯಲ್ಲಿ ಉಳಿದವು ಗಾಡಿಯ ಜೊತೆ ಊರಾಚೆ ಹೋದವು. ಅವಕ್ಕೆ ಪಟ್ಟಿ ಕಟ್ಟಿಸಿದವರು ಯಾರೂ ಇರಲಿಲ್ಲ, ಅವಕ್ಕಾಗಿ ಯಾರೂ ಗಾಡಿಗೆ ಅಡ್ಡ ನಿಲ್ಲಲಿಲ್ಲ.

ಹನಿಯಾ ಎಂಟು ದಿನ ಇನ್ಸಾಫಳ ಜೊತೆ ಮಾತು ಬಿಟ್ಟಳು. ಅತ್ತೆ ಮಾತ್ರ ಸಂಜೆಯೇ ಮಣಿಯನ್ನು ತೊಳೆದು ತಂದು ಸಬ್ರೀನಳ ಕೈಗಿಟ್ಟರು. "ಏಳು ವರ್ಷ ಕಾಯಿಸಿದ್ದು ನನ್ನ ತಪ್ಪು," ಎಂದರು. ಸಬ್ರೀನ್ ಅದನ್ನು ಹಿಂದುಮುಂದು ನೋಡಿ, "ನನಗೆ ಸೂಜಿ ಹಾಕ್ತಿದಾರಲ್ಲ ಅಜ್ಜಿ, ಇದು ಬುಂದುಕನಿಗೇ ಇರ್ಲಿ," ಎಂದಳು. ಹೊಸ ಪಟ್ಟಿಗೆ ಮಣಿಯನ್ನು ಹೊಲಿದವಳು ಇನ್ಸಾಫ್. ಬಿಚ್ಚಲಾಗದ ಹಾಗೆ ಇಮ್ಮಡಿ ದಾರ ಹಾಕಿದಳು.

ನಾಯಿಗಳಿಗೆ ಸೂಜಿ ಹಾಕುವ ಮುಂದಿನ ಸರದಿಯ ದಿನ ಕೌಸರ್ ಕಂಡದ್ದು ಬೇರೆಯೇ ನೋಟ. ಸೇತುವೆಯ ಮೇಲೆ ಬುಟ್ಟಿ ತುಂಬ ಬಿಸಿಲುರೊಟ್ಟಿ ಹೊತ್ತು ಇನ್ಸಾಫ್ ಬರುತ್ತಿದ್ದಳು. ಅವಳ ಹಿಂದೆ ಭಟ್ಟಿಯ ಕಡೆ ಹೊಸದಾಗಿ ಬಂದು ಸೇರಿದ್ದ ಹನ್ನೊಂದು ನಾಯಿಗಳು ಬರುತ್ತಿದ್ದವು. ಒಂದೊಂದನ್ನೂ ಮೃದುವಾಗಿ ಹಿಡಿದುಕೊಳ್ಳಲು ಹನಿಯಾ ಕಾಯುತ್ತಿದ್ದಳು.

"ರೊಟ್ಟಿ ಚೆನ್ನಾಗಿ ಕೆಲಸ ಮಾಡ್ತು ಅಕ್ಕ," ಎಂದಳು ಹನಿಯಾ.

"ನಿನ್ನ ಕೈಲಿ ಆಗ್ತಿತ್ತಾ ಇಂಥ ರೊಟ್ಟಿ," ಎಂದಳು ಇನ್ಸಾಫ್. ಬುಂದುಕ್ ಈಗಲೂ ಮಲಗುವುದು ಹನಿಯಾಳ ಬಾಗಿಲಲ್ಲೇ. ಇನ್ಸಾಫಳಿಗೆ ಈಗಲೂ ಒಂದಿಷ್ಟು ಉರಿಯುತ್ತದೆ, ಆಗ ಅವಳು ಮಾಳಿಗೆಗೆ ಹೋಗಿ ಹಿಟ್ಟು ನಾದುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಂದು ಬುಂದುಕ್ ಇದೆ, ಹೆಸರು ಬೇರೆ ಇರಬಹುದು. ಅದನ್ನು ಓಡಿಸಬೇಡಿ. ಸೂಜಿ ಹಾಕಿಸಿ, ಒಂದು ತಟ್ಟೆ ನೀರಿಡಿ. ಯಾವ ನಾಯಿ ಕಚ್ಚಿದರೂ ಕಾಫಿಪುಡಿ, ಅರಿಶಿನ, ಸುಣ್ಣ ಏನನ್ನೂ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದಷ್ಟೂ ಸೂಜಿ ಹಾಕಿಸಿಕೊಳ್ಳಿ. ಹೊಟ್ಟೆಕಿಚ್ಚು ಮನುಷ್ಯರಿಗೆ ಬರುವುದೇ, ನಿಮಗೂ ಬಂದೀತು. ಬಂದರೆ ವಾರಗಿತ್ತಿಯ ಜೊತೆ ನಾಲ್ಕು ಮಾತು ಜಗಳವಾಡಿ ಮುಗಿಸಿ. ಮೂಕಜೀವದ ಕತ್ತಿಗೆ ಮಾತ್ರ ಕೈ ಹಾಕಬೇಡಿ, ಅದು ನಿಮ್ಮನ್ನು ನಂಬಿ ಕುತ್ತಿಗೆ ಒಡ್ಡಿ ನಿಂತಿರುತ್ತದೆ.