ಮ್ವಾಲೆಯ ಸಾಕ್ಷಿ

ಬಂಗಾರಪೇಟೆಯ ವಕೀಲ ಆದಿನಾರಾಯಣ ಆಫ್ರಿಕದ ಹೊಸದಾಗಿ ಸ್ವತಂತ್ರವಾದ ದೇಶವೊಂದಕ್ಕೆ ಹೋಗಿ, ಸಂಬಳವಿಲ್ಲದೆ ಎಂಟು ತಿಂಗಳು ಅಲ್ಲಿನ ಮ್ಯಾಜಿಸ್ಟ್ರೇಟರಿಗೆ ಪಾಠ ಹೇಳಿ ಬಂದಿದ್ದ. 1964ರ ಜೂನ್‌ನಲ್ಲಿ ಅಲ್ಲಿಂದ ಒಂದು ಕಾಗದ ಬಂತು. ಬರೆದವಳು ಅವನ ಶಿಷ್ಯ, ಮ್ಯಾಜಿಸ್ಟ್ರೇಟ್ ಮ್ವಾಲೆಯ ಹೆಂಡತಿ.

ಆದಿನಾರಾಯಣ ಅಲ್ಲಿ ಹೇಳಿಕೊಟ್ಟ ಮೊದಲ ಪಾಠವೇ ಇದು: ಕೇಸಿನ ವಿಷಯಕ್ಕೆ ಮೇಲಿನವರ ಫೋನು ಬಂದರೆ, ಯಾರು, ಎಷ್ಟು ಗಂಟೆಗೆ, ಏನೆಂದರು ಎಂದು ಕಡತದಲ್ಲಿ ಬರೆದಿಡಿ. ಮ್ವಾಲೆ ಬರೆದಿಟ್ಟ. ಮಂತ್ರಿ ಫೋನಿನಲ್ಲಿ ಜೈಲಿಗೆ ಹಾಕೆಂದ ಪತ್ರಕರ್ತನನ್ನು ಬಿಡುಗಡೆಯೂ ಮಾಡಿದ. ಈಗ ಆ ಟಿಪ್ಪಣಿ ಕಟ್ಟುಕಥೆಯೆಂದು ಅವನ ಮೇಲೆಯೇ ಮೊಕದ್ದಮೆ. ಫೋನು ಬಂದಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದವನು ಆದಿನಾರಾಯಣ ಒಬ್ಬನೇ. ಅಷ್ಟನ್ನು ಪ್ರಮಾಣ ಮಾಡಿ ಬರೆದುಕೊಟ್ಟರೆ ಸಾಕು ಎಂದಿದ್ದಳು ಆಕೆ.

ಅಂದೇ ಮೂರು ಪುಟದ ಅಫಿಡವಿಟ್ಟು ಸಿದ್ಧವಾಯಿತು. ಕಳುಹಿಸುವ ಮುನ್ನ, ತನ್ನನ್ನು ಅಲ್ಲಿಗೆ ಕಳಿಸಿದ್ದ ಬೆಂಗಳೂರಿನ ಹಿರಿಯ ವಕೀಲರಿಗೆ ಒಂದು ಮಾತು ಹೇಳುವುದು ಮರ್ಯಾದೆಯೆಂದು ಆದಿನಾರಾಯಣ ಕಾಗದ ಹಾಕಿದ. ನಾಲ್ಕನೇ ದಿನ ಅವರಿಂದ ಟ್ರಂಕ್ ಕಾಲ್ ಬಂತು.

"ಆ ಸರ್ಕಾರ ನಮಗೆ ಬೇಕಾದದ್ದು ಕಣಯ್ಯಾ. ಕೋಲಾರದ ಸರ್ಕಾರಿ ವಕೀಲರ ಹುದ್ದೆಗೆ ನಿನ್ನ ಹೆಸರು ಹೋಗಿದೆ. ಮುಂದಿನ ವಾರ ಸಹಿ ಆಗುತ್ತೆ. ಹಾಳು ಮಾಡ್ಕೋಬೇಡ."

"ಆಗಲಿ ಸಾರ್," ಎಂದ ಆದಿನಾರಾಯಣ. ಯಾರು, ಎಷ್ಟು ಗಂಟೆಗೆ, ಏನೆಂದರು ಎಂಬುದನ್ನು ಎಲ್ಲೂ ಬರೆದಿಡಲಿಲ್ಲ.

ಎರಡನೆಯ ಸಲ ಬರೆಸಿದ್ದು ಒಂದೇ ಪುಟ. ಗುಮಾಸ್ತ ಕುಪ್ಪುಸ್ವಾಮಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ತಮಿಳು ಕೆಲಸಗಾರನ ಮಗ. ಟೈಪ್‌ರೈಟರಿನ ಮೇಲೆ ಬೆರಳು ನಿಲ್ಲಿಸಿದ.

"ಎನ್ನ ಸಾರ್, ಪೋನ್ ವಿಷ್ಯ ಎಲ್ಲೋಯ್ತು?"

"ಅದು ಬೇಡ. ಪ್ರಾಮಾಣಿಕ, ಒಳ್ಳೆಯ ನಡತೆಯವನು. ಅಷ್ಟು ಸಾಕು."

"ಶಾಫ್ಟಿನಾಗೆ ಸಿಕ್ಕಾಕ್ಕೊಂಡೋನು ಅಗ್ಗ ಬಿಡ್ರೀ ಅಂದ್ರೆ, 'ಇವ್ನು ಬಲೇ ಒಳ್ಳೇವ್ನು' ಅಂತ ಚೀಟಿ ಬಿಟ್ಟಂಗೈತೆ."

"ನೀನು ಟೈಪ್ ಮಾಡಯ್ಯಾ."

"ಮಾಡ್ತೀನಿ. ಸೈನು ನಿಮ್ದು."

ಆದಿನಾರಾಯಣ ಎರಡು ಸಲ ಓದಿದ. ಒಂದು ಸುಳ್ಳೂ ಇರಲಿಲ್ಲ. ಸಹಿ ಹಾಕಿದ.

ಸೆಪ್ಟೆಂಬರಿನಲ್ಲಿ ಆಕೆಯ ಎರಡನೆಯ ಕಾಗದ ಬಂತು. ಅಷ್ಟು ಹೊತ್ತಿಗೆ ಅವನು ಸರ್ಕಾರಿ ವಕೀಲನಾಗಿದ್ದ.

'ನಿಮ್ಮ ಪತ್ರವನ್ನು ಸರ್ಕಾರದ ಕಡೆಯವರೇ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಪಕ್ಕದಲ್ಲೇ ಕೂತಿದ್ದ ಗುರುವೇ ಫೋನಿನ ಮಾತೆತ್ತಿಲ್ಲ, ಇನ್ನೇನು ಬೇಕು ಎಂದರು. ಐದು ವರ್ಷ ಶಿಕ್ಷೆಯಾಯಿತು. ಅಷ್ಟು ದೂರದಿಂದ ನಾಲ್ಕು ಒಳ್ಳೆಯ ಮಾತು ಬರೆದಿರೆಂದು ನನ್ನ ಗಂಡ ನಿಮಗೆ ವಂದನೆ ತಿಳಿಸಿದ್ದಾರೆ.'

ಕುಪ್ಪುಸ್ವಾಮಿ ದಾರದ ಉಂಡೆ ಹಿಡಿದು ಕಾಯುತ್ತಿದ್ದ.

"ಇದನ್ನ ಯಾವ ಕಟ್ಟಿಗಾಕ್ಲಿ ಸಾರ್?"

"ಮುಗಿದ ಕೇಸುಗಳದ್ದಕ್ಕೆ," ಎಂದು ಆದಿನಾರಾಯಣ ಕರೀ ಕೋಟು ತೊಟ್ಟುಕೊಂಡ. ಕೋಲಾರದ ಬಸ್ಸಿಗೆ ಹೊತ್ತಾಗಿತ್ತು.